ದುಡಿಮೆಯ ತಾಣದ ವಿಷವಸ್ತುಗಳು ಮತ್ತು ಕ್ಯಾನ್ಸರ್

(ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಾವಿಂದು ಸೇರಿರುವ ಸೀವುಡ್ಸ್ ಮುಖ್ಯವಾಗಿ ವಸತಿಯ ಪ್ರದೇಶ. ಒಂದು ಪಕ್ಕದಲ್ಲಿ ಪಾಮ್ ಬೀಚ್ ರಸ್ತೆ, ಅದರಾಚೆ ಖಾಡಿಯ ನೀರು. ಇಲ್ಲಿ ನಿಂತವರಿಗೆ ಕಾರ್ಖಾನೆಯ ನೆನಪು ತಟ್ಟನೆ ಬರಲಾರದು. ಆದರೆ ಪಕ್ಕದ ನೆರೂಳಿನಿಂದ ತೊಡಗಿ ತುರ್ಭೆ, ಪಾವಣೆ, ಕೋಪರ್‌ಖೈರಣೆ, ರಬಾಳೆಗಳನ್ನು ಹಾದು ದಿಘೆಯವರೆಗೆ ಠಾಣೆ–ಬೇಲಾಪುರ ಕೈಗಾರಿಕಾ ವಲಯ ಹಬ್ಬಿದೆ. ಇನ್ನೊಂದು ದಿಕ್ಕಿಗೆ ತಳೋಜೆಯ ಕೈಗಾರಿಕಾ ವಸಾಹತು. ಬೆಟ್ಟಗಳಾಚೆಗೆ ಡೊಂಬಿವಲಿಯ ಬಣ್ಣ ಹಾಗೂ ರಾಸಾಯನಿಕಗಳ ಕಾರ್ಖಾನೆಗಳು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪನೆಗೊಂಡಿತು. ಈ ಹೊಸ ನಗರವನ್ನು ಕಟ್ಟುವ ಹೊಣೆ ಹೊತ್ತ ಸಿಡ್ಕೊ 1970ರಲ್ಲಿ ಹುಟ್ಟಿತು. ಅಂದಿನಿಂದ ಇಂದಿನವರೆಗೆ ಇಲ್ಲಿಗೆ ದುಡಿಮೆಯನ್ನರಸಿ ಬಂದವರಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದವರು, ಕಲಬುರಗಿ, ವಿಜಯಪುರ, ರಾಯಚೂರಿನ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ತೊಡಗಿದವರು, ಕಾರ್ಖಾನೆಯ ಪಾಳಿಗಳಲ್ಲಿ ಜೀವನ ಸವೆಸಿ ನಿವೃತ್ತರಾದವರು, ಸಣ್ಣ ಉದ್ಯಮಗಳ ಒಡೆಯರು ಮತ್ತು ಗುತ್ತಿಗೆದಾರರು ನಮ್ಮ ಸಮಾಜದಲ್ಲಿದ್ದಾರೆ. ಆದ್ದರಿಂದ ಇಂದಿನ ವಿಷಯವು ಇಲ್ಲಿ ಕುಳಿತಿರುವ ಪ್ರತಿಯೊಂದು ಮನೆಗೂ ಒಂದಲ್ಲ ಒಂದು ರೀತಿಯಲ್ಲಿ ಸಂಬಂಧಿಸಿದ್ದು.

ಸದ್ದಿಲ್ಲದ ಅಪಾಯ

2016ರ ಮೇ 26ರಂದು ಹಾಗೂ 2024ರ ಮೇ 23ರಂದು ಡೊಂಬಿವಲಿಯ ಕಾರ್ಖಾನೆಗಳಲ್ಲಿ ಭೀಕರ ಸ್ಫೋಟಗಳು ಸಂಭವಿಸಿದವು. ಹಲವರು ಪ್ರಾಣ ಕಳೆದುಕೊಂಡರು. ಬಹು ದೂರದ ಮನೆಗಳ ಕಿಟಕಿ ಗಾಜುಗಳು ಒಡೆದವು. ದೇಶವೆಲ್ಲ ಅದನ್ನು ಕಂಡಿತು, ವಿಚಾರಣೆಗಳು ನಡೆದವು. ಸ್ಫೋಟಕ್ಕೆ ಸದ್ದಿದೆ, ದಿನಾಂಕವಿದೆ, ಸಾಕ್ಷಿಗಳಿದ್ದಾರೆ. ಅದೇ ಬಗೆಯ ಕಾರ್ಖಾನೆಯಲ್ಲಿ ದಿನವೂ ಅಷ್ಟಿಷ್ಟು ಆವಿಯನ್ನೋ ದೂಳನ್ನೋ ಉಸಿರಾಡಿದ ಕಾರ್ಮಿಕನಿಗೆ ಇಪ್ಪತ್ತೈದು ವರ್ಷಗಳ ತರುವಾಯ ಬರುವ ಕ್ಯಾನ್ಸರಿಗೆ ಇವು ಮೂರೂ ಇರುವುದಿಲ್ಲ. ಆ ವೇಳೆಗೆ ಅವನು ಕೆಲಸ ಬಿಟ್ಟಿರುತ್ತಾನೆ ಅಥವಾ ನಿವೃತ್ತನಾಗಿ ಊರಿಗೆ ಮರಳಿರುತ್ತಾನೆ. ಕಾರ್ಖಾನೆಯೂ ಮುಚ್ಚಿಹೋಗಿರಬಹುದು. ಜಮಖಂಡಿಯಲ್ಲೋ ಕುಂದಾಪುರದಲ್ಲೋ ಅವನನ್ನು ಪರೀಕ್ಷಿಸುವ ವೈದ್ಯರಿಗೆ ಪಾವಣೆಯ ಹೆಸರೇ ಗೊತ್ತಿರಲಾರದು.

ದೇಹದ ಜೀವಕೋಶಗಳು ಅಂಕೆಯಿಲ್ಲದೆ ಬೆಳೆಯುವುದೇ ಕ್ಯಾನ್ಸರ್ ಎಂಬುದು ತಮಗೆ ತಿಳಿದ ವಿಷಯ. ಕೆಲವು ವಸ್ತುಗಳು ಜೀವಕೋಶದ ಆನುವಂಶಿಕ ದ್ರವ್ಯವನ್ನು ಕೆಡಿಸುತ್ತವೆ. ಕೆಲವು ದೀರ್ಘಕಾಲದ ಉರಿಯೂತವನ್ನು ಉಂಟುಮಾಡಿ ಅದೇ ಪರಿಣಾಮಕ್ಕೆ ದಾರಿಯಾಗುತ್ತವೆ. ಮೊದಲ ಸಂಪರ್ಕಕ್ಕೂ ರೋಗ ಕಾಣಿಸಿಕೊಳ್ಳುವುದಕ್ಕೂ ನಡುವಣ ಕಾಲವನ್ನು ಅವ್ಯಕ್ತ ಅವಧಿ ಎನ್ನುತ್ತಾರೆ. ರಕ್ತದ ಕ್ಯಾನ್ಸರಿನಲ್ಲಿ ಇದು ಕೆಲವೇ ವರ್ಷಗಳಿರಬಹುದು. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರುಗಳಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಮೇಲ್ಪಟ್ಟಿರುತ್ತದೆ. ಕಲ್ನಾರಿನಿಂದ ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರಿನಲ್ಲಿ ಮೂವತ್ತು ನಲವತ್ತು ವರ್ಷಗಳೂ ಆಗಬಹುದು. ಈ ದೀರ್ಘ ಅಂತರದಿಂದಾಗಿಯೇ ಕಾರಣವು ಮರೆತುಹೋಗುತ್ತದೆ. ಕಾರಣ ಮರೆತರೆ ರೋಗಿಗೆ ಪರಿಹಾರವಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದೇ ಯಂತ್ರದ ಮುಂದೆ ಇಂದು ನಿಂತಿರುವ ತರುಣನಿಗೆ ಎಚ್ಚರಿಕೆಯೂ ಇಲ್ಲ.

ಚರಿತ್ರೆ ಕಲಿಸಿದ ಪಾಠ

ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದನು. ರೋಗಿಯನ್ನು ಕಾಣುವ ವೈದ್ಯನು ಪರಂಪರೆಯಿಂದ ಬಂದ ಪ್ರಶ್ನೆಗಳ ಜೊತೆಗೆ 'ನಿನ್ನ ಕಸುಬೇನು' ಎಂಬುದನ್ನೂ ಕೇಳಬೇಕೆಂದು ಅವನು ಅದರಲ್ಲಿ ಹೇಳಿದನು. ವೃತ್ತಿಜನ್ಯ ರೋಗಗಳ ಶಾಸ್ತ್ರವೆಲ್ಲ ಈ ಒಂದು ಪ್ರಶ್ನೆಯಿಂದ ಬೆಳೆದುದು ಎನ್ನಬಹುದು.

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರಲ್ಲಿ ವೃಷಣದ ಚರ್ಮಕ್ಕೆ ಬರುತ್ತಿದ್ದ ಕ್ಯಾನ್ಸರಿಗೆ ಹೊಗೆಮಸಿಯೇ ಕಾರಣವೆಂದು ಗುರುತಿಸಿದನು. ಬಾಲ್ಯದಲ್ಲಿ ಇಕ್ಕಟ್ಟಾದ ಚಿಮಣಿಗಳೊಳಗೆ ಹತ್ತಿ ಇಳಿದ ಹುಡುಗರಿಗೆ ದೊಡ್ಡವರಾದ ಮೇಲೆ ಈ ರೋಗ ಬರುತ್ತಿತ್ತು. 1895ರಲ್ಲಿ ಫ್ರಾಂಕ್‌ಫರ್ಟಿನ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯನು ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರನ್ನು ಕಂಡು ವರದಿ ಮಾಡಿದನು. ಬಣ್ಣದ ಉದ್ಯಮದಲ್ಲಿ ಬಳಕೆಯಾದ ಬೆಂಜಿಡೀನ್ ಮುಂತಾದ ವಸ್ತುಗಳು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಮುಂದೆ ಖಚಿತವಾಯಿತು.

ಅಮೆರಿಕದ ಲೂಯಿವಿಲ್ ನಗರದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ವಿನೈಲ್ ಕ್ಲೋರೈಡ್ ಎಂಬ ಅನಿಲದಿಂದ ಪ್ಲಾಸ್ಟಿಕ್ ತಯಾರಿಸುವ ಒಂದು ಕಾರ್ಖಾನೆಯಿತ್ತು. ಪಿತ್ತಜನಕಾಂಗದ ರಕ್ತನಾಳಗಳಿಗೆ ಬರುವ ಅತಿ ಅಪರೂಪದ ಒಂದು ಕ್ಯಾನ್ಸರಿನಿಂದ ಅದೇ ಕಾರ್ಖಾನೆಯ ಮೂವರು ಕಾರ್ಮಿಕರು ಸತ್ತ ಸಂಗತಿ 1974ರ ಜನವರಿಯಲ್ಲಿ ಹೊರಬಂದಿತು. ಕಾರ್ಖಾನೆಯ ವೈದ್ಯರಿಗೆ ಮೂವರ ಕೆಲಸವೂ ಗೊತ್ತಿದ್ದುದರಿಂದ ಸಂಬಂಧ ಗೋಚರಿಸಿತು. ಆ ಮೂವರೂ ಮೂರು ಊರುಗಳಿಗೆ ಮರಳಿ, ಮೂರು ಆಸ್ಪತ್ರೆಗಳಲ್ಲಿ ಸತ್ತಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅಮೆರಿಕ ಸರ್ಕಾರವು ಕೆಲಸದ ಸ್ಥಳದ ಗಾಳಿಯಲ್ಲಿ ಈ ಅನಿಲದ ಮಿತಿಯನ್ನು ಹತ್ತು ಲಕ್ಷಕ್ಕೆ 500 ಭಾಗಗಳಿಂದ 1 ಭಾಗಕ್ಕೆ ಇಳಿಸಿತು. ಉದ್ಯಮ ಮುಳುಗಿಹೋಗುತ್ತದೆಂದು ಅನೇಕರು ಆಗ ಕೂಗಿಕೊಂಡರು. ಆದರೆ ಯಂತ್ರಗಳನ್ನು ಬಿಗಿಯಾಗಿ ಮುಚ್ಚಿ ಕೆಲಸ ಮಾಡುವ ಹೊಸ ವಿಧಾನಗಳು ಬಂದವು, ಉದ್ಯಮವೂ ಉಳಿಯಿತು.

ಕೋಲಾರದ ಚಿನ್ನದ ಗಣಿ

ನಮ್ಮ ಕರ್ನಾಟಕದಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ ಆಧುನಿಕ ರೀತಿಯ ಗಣಿಗಾರಿಕೆ ನಡೆಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲನ್ನು ಕೊರೆದಾಗ ಏಳುವ ಸೂಕ್ಷ್ಮ ದೂಳಿನಲ್ಲಿ ಸಿಲಿಕಾ ತುಂಬಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಸಿ ಗಾಯದ ಕಲೆಗಳನ್ನು ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್ ರೋಗ. 1940ರ ದಶಕದಲ್ಲಿ ಗಣಿಯ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗದ ಲಕ್ಷಣಗಳು ಕಂಡುಬಂದವು. ಅದೇ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವು ಸಿಲಿಕೋಸಿಸ್ ರೋಗಕ್ಕೆ ಸಂಬಂಧಿಸಿದ ನಿಯಮಗಳನ್ನು ರೂಪಿಸಿತ್ತು.

ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರನ್ನೂ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಖಚಿತವಾಗಿ ಸಾರಿದುದು 1997ರಲ್ಲಿ. ಕೋಲಾರದ ಗಣಿ ಮುಚ್ಚಿದುದು 2001ರ ಫೆಬ್ರವರಿ 28ರಂದು. ಎಂದರೆ, ಆ ಗಣಿಯ ಶತಮಾನದ ಆಯುಷ್ಯದಲ್ಲಿ ಈ ಅಂಶವನ್ನು ಖಚಿತವಾಗಿ ತಿಳಿದುಕೊಂಡು ಕೆಲಸ ನಡೆದುದು ಕೊನೆಯ ನಾಲ್ಕೇ ವರ್ಷ. ಅದಕ್ಕೆ ಮೊದಲೇ ನಿವೃತ್ತರಾದವರ ಕ್ಯಾನ್ಸರನ್ನು ಗಣಿಯ ಕೆಲಸದೊಡನೆ ಸೇರಿಸಿ ನೋಡುವವರು ಯಾರಿದ್ದರು? ವಿಜ್ಞಾನವು ಕೆಲವೊಮ್ಮೆ ತಡವಾಗಿ ಬರುತ್ತದೆ. ಅದು ಬಂದಾಗ ಹಿಂದಿನವರ ದಾಖಲೆಗಳು ಕೈಗೆ ಸಿಗುವಂತಿದ್ದರೆ ಮಾತ್ರ ಅದರಿಂದ ಅವರಿಗೆ ಪ್ರಯೋಜನ.

ನಮ್ಮ ಸುತ್ತಲಿನ ವಸ್ತುಗಳು

ಇನ್ನು ನಮ್ಮ ನೆರೆಹೊರೆಗೆ ಬರೋಣ. ಸಿಲಿಕಾ ಕೇವಲ ಗಣಿಯ ವಸ್ತುವಲ್ಲ. ಮನೆಯ ಅಡಿಗೆಕಟ್ಟೆಗಾಗಿ ಗ್ರಾನೈಟ್ ಚಪ್ಪಡಿಯನ್ನು ಬಾಲ್ಕನಿಯಲ್ಲಿ ನೀರು ಹಾಕದೆ ಕೊಯ್ಯುವಾಗ ಏಳುವ ಬಿಳಿಯ ದೂಳಿನಲ್ಲಿಯೂ ಅದು ಇದೆ. ಈಚೆಗೆ ಬಳಕೆಗೆ ಬಂದಿರುವ ಕೃತಕ ಕ್ವಾರ್ಟ್ಜ್ ಚಪ್ಪಡಿಗಳಲ್ಲಿ ಅದರ ಪ್ರಮಾಣ ಶೇಕಡಾ 90ನ್ನು ಮೀರಬಹುದು. ಇಂಥ ಚಪ್ಪಡಿಗಳನ್ನು ಕೊಯ್ಯುವ ತರುಣರಲ್ಲಿ ಕೆಲವೇ ವರ್ಷಗಳಲ್ಲಿ ತೀವ್ರ ಸಿಲಿಕೋಸಿಸ್ ಕಂಡುಬಂದುದರಿಂದ ಆಸ್ಟ್ರೇಲಿಯ ದೇಶವು 2024ರ ಜುಲೈ 1ರಿಂದ ಅವುಗಳನ್ನು ನಿಷೇಧಿಸಿತು. ಮನೆ ಕಟ್ಟಿಸುವ, ನವೀಕರಿಸುವ ನಾವೆಲ್ಲರೂ ಆ ಅವಧಿಯಲ್ಲಿ ಒಂದು ಅರ್ಥದಲ್ಲಿ ಮಾಲೀಕರೇ. ಕಲ್ಲಿನ ಮೇಲೆ ನೀರು ಬೀಳುವಂತೆ ಮಾಡಿ ಕೊಯ್ಯಲು ಮೇಸ್ತ್ರಿಗೆ ಹೇಳುವುದು ನಮ್ಮ ಕೈಯಲ್ಲಿದೆ.

ಕಲ್ನಾರಿನ ವಿಷಯ ಇನ್ನೊಂದು. ಕಲ್ಲಿನಿಂದ ಬರುವ ನಾರು ಎಂಬ ಅರ್ಥದ ಈ ಕನ್ನಡ ಹೆಸರು ಆ ವಸ್ತುವಿನ ಗುಣವನ್ನೂ ದೋಷವನ್ನೂ ತಿಳಿಸುತ್ತದೆ. ಬೆಂಕಿಗೆ ಜಗ್ಗದ ಈ ನಾರು ಒಡೆದಾಗ ಸೂಜಿಯಂಥ ಎಳೆಗಳಾಗಿ ಗಾಳಿಯಲ್ಲಿ ತೇಲುತ್ತದೆ. ಛಾವಣಿಯ ಶೀಟು, ಕೊಳವೆ, ಹಳೆಯ ಬಾಯ್ಲರುಗಳ ಹೊದಿಕೆ, ಹಳೆಯ ಹಡಗುಗಳ ಒಳಭಾಗ ಇವುಗಳಲ್ಲಿ ಕಲ್ನಾರು ಇರುತ್ತದೆ. ಭಾರತದಲ್ಲಿ ಬಿಳಿಯ ಕಲ್ನಾರಿನ ಬಳಕೆಯ ಮೇಲೆ ಸಂಪೂರ್ಣ ನಿಷೇಧವಿಲ್ಲ. ಗಟ್ಟಿಯಾಗಿರುವ ಶೀಟನ್ನು ಹಾಗೆಯೇ ಬಿಟ್ಟರೆ ಅಪಾಯ ಕಡಿಮೆ. ಕೊಯ್ಯುವುದು, ಕೊರೆಯುವುದು, ಒಡೆದು ಗುಡಿಸುವುದು ಅಪಾಯ. ಇದರ ತೊಂದರೆ ಕಾರ್ಮಿಕನಲ್ಲಿಯೇ ನಿಲ್ಲುವುದಿಲ್ಲ. ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದವರ ಬಟ್ಟೆ ಒಗೆದ ಮನೆಯವರಿಗೂ ಅದೇ ಕ್ಯಾನ್ಸರ್ ಬಂದುದನ್ನು ಲಂಡನ್ನಿನ ಅಧ್ಯಯನವೊಂದು 1965ರಲ್ಲಿಯೇ ತೋರಿಸಿತು.

ಬೆಂಜೀನ್ ಎಂಬ ದ್ರಾವಕವು ರಾಸಾಯನಿಕ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ಪೆಟ್ರೋಲಿನಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿರುತ್ತದೆ. ಅದು ಎಲುಬಿನ ಮಜ್ಜೆಯನ್ನು ಕೆಡಿಸಿ ರಕ್ತಹೀನತೆಯನ್ನೂ ರಕ್ತದ ಕ್ಯಾನ್ಸರನ್ನೂ ತರಬಲ್ಲದು. ಅದಕ್ಕೆ ಸಿಹಿಯಾದ ವಾಸನೆಯಿದೆ; ಹಿತವಾದ ವಾಸನೆಯನ್ನು ಯಾರೂ ಶಂಕಿಸುವುದಿಲ್ಲ. ಕೆಲಸ ಮುಗಿದ ಮೇಲೆ ಕೈಯ ಬಣ್ಣವನ್ನೋ ಗ್ರೀಸನ್ನೋ ದ್ರಾವಕದಿಂದ ತೊಳೆಯುವ ಅಭ್ಯಾಸ ಅನೇಕ ಕಡೆ ಇದೆ. ಚರ್ಮದ ಮೂಲಕವೂ ಇಂಥ ವಸ್ತುಗಳು ದೇಹವನ್ನು ಸೇರುತ್ತವೆ. ಸಾಬೂನು ಮತ್ತು ನೀರು ಸಾಕು.

ಬೆಂಜಿಡೀನ್ ಆಧಾರಿತ 42 ಬಣ್ಣಗಳ ಬಳಕೆಯನ್ನು ಕೇಂದ್ರ ಸರ್ಕಾರವು 1993ರಿಂದ ನಿಷೇಧಿಸಿತು. 1997ರಲ್ಲಿ ಇನ್ನೂ 70 ಬಣ್ಣಗಳು ಈ ಪಟ್ಟಿಗೆ ಸೇರಿದವು. ಆದರೆ ಅದಕ್ಕೆ ಮೊದಲು ಇವುಗಳೊಡನೆ ದುಡಿದವರು ಇಂದು ಅರವತ್ತು ಎಪ್ಪತ್ತರ ವಯಸ್ಸಿನಲ್ಲಿದ್ದಾರೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ ಅಂಥವರು ಒಂದು ದಿನವನ್ನೂ ಕಳೆಯದೆ ವೈದ್ಯರನ್ನು ಕಾಣಬೇಕು; ಹಿಂದೆ ಮಾಡಿದ ಕೆಲಸವನ್ನು ಅವರಿಗೆ ತಿಳಿಸಬೇಕು.

ಉಳಿದವುಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಡೀಸೆಲ್ ಯಂತ್ರಗಳ ಹೊಗೆಯನ್ನು 2012ರಲ್ಲಿ, ಬೆಸುಗೆಯ ಹೊಗೆಯನ್ನು 2017ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಲಾಯಿತು. ಮರಗೆಲಸದ ದೂಳು, ಕಟ್ಟಡಗಳಿಗೆ ಬಣ್ಣ ಬಳಿಯುವ ವೃತ್ತಿ ಇವೂ ಅದೇ ವರ್ಗದಲ್ಲಿವೆ. ಹೋಟೆಲಿನ ಅಡಿಗೆಮನೆಯಲ್ಲಿ ಅತಿ ಹೆಚ್ಚು ಉಷ್ಣದಲ್ಲಿ ಕರಿಯುವಾಗ ಏಳುವ ಎಣ್ಣೆಯ ಹೊಗೆಯನ್ನು ಅದರ ಕೆಳಗಿನ, 'ಬಹುಮಟ್ಟಿಗೆ ಕಾರಣವಿರಬಹುದು' ಎಂಬ ವರ್ಗದಲ್ಲಿಟ್ಟಿದ್ದಾರೆ. ಒಲೆಯ ಮೇಲೆ ಹೊಗೆ ಹೀರುವ ಚಿಮಣಿಯನ್ನು ಹಾಕಿಸಿ ಕಾಲಕಾಲಕ್ಕೆ ಶುಚಿಮಾಡಿಸುವುದು ಹೋಟೆಲಿನ ಒಡೆಯರ ಕರ್ತವ್ಯ.

ಅಪಾಯವನ್ನು ಅಳೆಯುವ ಬಗೆ

ಇಷ್ಟನ್ನು ಕೇಳಿ ಭಯಪಡುವುದು ಬೇಡ. ಕೆಲವು ಅಂಶಗಳನ್ನು ಸ್ಪಷ್ಟವಾಗಿ ಮನಗಾಣಬೇಕು.

ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ 1965ರಲ್ಲಿ ಸ್ಥಾಪಿತವಾದ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವಸ್ತುಗಳನ್ನು ವರ್ಗೀಕರಿಸುವುದು ಸಾಕ್ಷ್ಯದ ಬಲವನ್ನು ನೋಡಿ. ಮೊದಲ ವರ್ಗವೆಂದರೆ ಆ ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದರ್ಥ. ಒಂದೇ ವರ್ಗದ ಎರಡು ವಸ್ತುಗಳ ಅಪಾಯ ಸಮಾನವೆಂದು ಅದರಿಂದ ತಿಳಿಯಬಾರದು. ಎಷ್ಟು ಪ್ರಮಾಣ, ಎಷ್ಟು ವರ್ಷ, ಯಾವ ದಾರಿಯಿಂದ ದೇಹವನ್ನು ಸೇರಿತು ಎಂಬುದರ ಮೇಲೆ ಅಪಾಯವು ನಿಂತಿದೆ. ಸಂಪರ್ಕಕ್ಕೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ.

ಎರಡನೆಯದಾಗಿ, ಕ್ಯಾನ್ಸರಿನ ಎಲ್ಲ ಪ್ರಕರಣಗಳಲ್ಲಿ ವೃತ್ತಿಯಿಂದ ಬರುವವುಗಳ ಪಾಲು ಚಿಕ್ಕದು. 1981ರಲ್ಲಿ ಬ್ರಿಟನ್ನಿನ ತಜ್ಞರಾದ ಡಾಲ್ ಮತ್ತು ಪೀಟೊ ಅವರು ಅಮೆರಿಕದ ಕ್ಯಾನ್ಸರ್ ಸಾವುಗಳಲ್ಲಿ ಸುಮಾರು ಶೇಕಡಾ 4ರಷ್ಟನ್ನು ವೃತ್ತಿಗೆ ಸೇರಿಸಿದ್ದರು. ನಮ್ಮ ದೇಶದಲ್ಲಿ ತಂಬಾಕು ಅತಿ ದೊಡ್ಡ ಕಾರಣಗಳಲ್ಲೊಂದು. ಆದರೆ ಆ ಸಣ್ಣ ಪಾಲು ಇಡೀ ಸಮಾಜದ ಮೇಲೆ ಸಮನಾಗಿ ಹಂಚಿಲ್ಲ; ಕೆಲವೇ ಕಸುಬುಗಳ, ಬಹುತೇಕ ಬಡವರಾದ ದುಡಿಮೆಗಾರರ ಮೇಲೆ ಅದರ ಹೊರೆಯೆಲ್ಲ ಬೀಳುತ್ತದೆ. ಕಾರಣ ತಿಳಿದಿರುವ ಈ ಕ್ಯಾನ್ಸರುಗಳನ್ನು ತಡೆಯಲೂ ಸಾಧ್ಯವಿದೆ.

ಮೂರನೆಯದು, ತಂಬಾಕು ಮತ್ತು ಕಾರ್ಖಾನೆಯ ದೂಳು ಒಂದಕ್ಕೊಂದು ಬಲ ಕೊಡುತ್ತವೆ. 1979ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಇವೆರಡೂ ಇಲ್ಲದವರಿಗೆ ಹೋಲಿಸಿದರೆ ಕಲ್ನಾರಿನೊಡನೆ ದುಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಸಾವಿನ ಅಪಾಯ ಸುಮಾರು 5 ಪಟ್ಟು, ಧೂಮಪಾನಿಗಳಿಗೆ ಸುಮಾರು 11 ಪಟ್ಟು, ಎರಡೂ ಕೂಡಿದವರಿಗೆ 50 ಪಟ್ಟಿಗೂ ಹೆಚ್ಚು. ಕಾರ್ಮಿಕ ಬಂಧುಗಳು ಬೀಡಿ ಸಿಗರೇಟು ಬಿಡುವುದರಿಂದ ತಮ್ಮ ಅಪಾಯವನ್ನು ಬಹಳಷ್ಟು ತಗ್ಗಿಸಿಕೊಳ್ಳಬಹುದು. ಹಾಗೆಂದು 'ಅವನು ಬೀಡಿ ಸೇದುತ್ತಿದ್ದ' ಎಂಬ ಮಾತು ದೂಳನ್ನು ತಡೆಯದ ಮಾಲೀಕರಿಗೆ ಸಬೂಬಾಗಲಾರದು.

ಕಾನೂನಿನ ರಕ್ಷಣೆ

ಭೋಪಾಲದ 1984ರ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಮಹತ್ವದ ತಿದ್ದುಪಡಿ ತರಲಾಯಿತು. ಅಪಾಯಕಾರಿ ಪ್ರಕ್ರಿಯೆಗಳ ವಿವರವನ್ನು ಕಾರ್ಮಿಕರಿಗೆ ತಿಳಿಸುವುದು, ಅವರ ಆರೋಗ್ಯದ ದಾಖಲೆ ಇಡುವುದು ಮಾಲೀಕರ ಹೊಣೆಯಾಯಿತು. ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ವೃತ್ತಿಜನ್ಯ ಕ್ಯಾನ್ಸರೂ ಸೇರಿತು. 1989ರ ನಿಯಮಗಳು ಅಪಾಯಕಾರಿ ರಾಸಾಯನಿಕಗಳಿಗೆ ಸುರಕ್ಷತಾ ಮಾಹಿತಿ ಪತ್ರವನ್ನು ಅಗತ್ಯಗೊಳಿಸಿದವು. ಬೆಂಜೀನ್ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದವನ್ನು ಭಾರತವು 1991ರಲ್ಲಿ ಅನುಮೋದಿಸಿತು.

1995ರ ಜನವರಿ 27ರಂದು ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕಾರ್ಮಿಕರ ಪರವಾಗಿ ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ಹೂಡಿದ್ದ ಅರ್ಜಿಯಲ್ಲಿ ತೀರ್ಪು ನೀಡಿತು. ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ ಸಾರಿತು. ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಕಲ್ನಾರಿನ ರೋಗ ದೃಢಪಟ್ಟವರಿಗೆ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ವಿಧಿಸಿತು. ನಲವತ್ತು ವರ್ಷವೆಂಬ ಆ ಅವಧಿಯ ಮಹತ್ವವನ್ನು ಗಮನಿಸಬೇಕು. ರೋಗವು ಎಷ್ಟು ಕಾಲ ಅಡಗಿರುತ್ತದೆಯೋ ಅಷ್ಟು ಕಾಲ ಕಾಗದವೂ ಬದುಕಿರಬೇಕೆಂಬುದು ಅದರ ಆಶಯ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಎಂಬ ಹೊಸ ಶಾಸನವು 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾರ್ಖಾನೆಗಳ ಕಾಯಿದೆಯ ಸ್ಥಾನವನ್ನು ಪಡೆಯಿತು. ವರದಿ ಮಾಡಬೇಕಾದ ರೋಗಗಳ ಪಟ್ಟಿ, ಅಪಾಯದ ಮಾಹಿತಿ ಪಡೆಯುವ ಹಕ್ಕು, ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಇವು ಅದರಲ್ಲಿವೆ. ನೌಕರನಿಗೆ ನೇಮಕಾತಿ ಪತ್ರವನ್ನು ಕೊಡಲೇಬೇಕೆಂಬ ವಿಧಿಯೂ ಇದೆ. ಇದು ಸಣ್ಣ ವಿಷಯವಲ್ಲ. ಮುಕಾದಮನ ಬಾಯಿಮಾತಿನ ಮೇಲೆ ಹತ್ತು ವರ್ಷ ದುಡಿದವನಿಗೆ ತಾನು ಅಲ್ಲಿ ದುಡಿದೆನೆಂಬುದನ್ನು ಸಿದ್ಧಪಡಿಸುವುದೇ ಮೊದಲ ಕಷ್ಟ. ವೃತ್ತಿಜನ್ಯ ರೋಗವನ್ನು ಉದ್ಯೋಗದಿಂದಾದ ಗಾಯವೆಂದೇ ಪರಿಗಣಿಸುವ ಕಾರ್ಮಿಕರ ರಾಜ್ಯ ವಿಮೆಯ ಸೌಲಭ್ಯಕ್ಕೂ ಇಂಥ ಪುರಾವೆ ಅಗತ್ಯ.

ಎಚ್ಚರಿಕೆಯ ಭಾಷೆ

ಸೂಚನೆಗಳು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ಹೇಳಿತ್ತು. ಇಲ್ಲಿನ ಸೂಚನಾಫಲಕಗಳು ಸಾಮಾನ್ಯವಾಗಿ ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿರುತ್ತವೆ. ಯಾದಗಿರಿಯಿಂದ ಬಂದ ಕಾರ್ಮಿಕನಿಗೆ ಅವು ಎಷ್ಟು ತಲುಪುತ್ತವೆ? ಸರ್ಕಾರಿ ಸೂಚನೆಗಳನ್ನು ಕನ್ನಡಕ್ಕೆ ತರುವುದೇ ನನ್ನ ವೃತ್ತಿಯಾದುದರಿಂದ ಇನ್ನೊಂದು ತೊಡಕನ್ನೂ ಹೇಳಬಲ್ಲೆ. 'ವಿಷ' ಎಂದೊಡನೆ ನಮ್ಮ ಜನ ಕುಡಿದ ಕೂಡಲೆ ಸಾಯುವ ವಸ್ತುವೆಂದು ತಿಳಿಯುತ್ತಾರೆ. ಇಂದು ಏನೂ ಆಗದೆ ಇಪ್ಪತ್ತು ವರ್ಷಗಳ ಮೇಲೆ ಕಾಡುವ ವಸ್ತುವಿಗೆ ನಮ್ಮ ಆಡುಮಾತಿನಲ್ಲಿ ಹೆಸರಿಲ್ಲ. 'ಕ್ಯಾನ್ಸರ್‌ಕಾರಕ' ಎಂದು ಬರೆದರೆ ಸಾಲದು. 'ಇದರ ತೊಂದರೆ ಹಲವು ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ' ಎಂದು ಬಿಡಿಸಿ ಬರೆಯಬೇಕು.

ಅಕ್ಷರ ಬಾರದವರಿಗೂ ಉಪಯೋಗವಾಗುವ ಚಿಹ್ನೆಗಳಿವೆ. ವಿಶ್ವಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡ ಈ ಚಿಹ್ನೆಗಳು ಅನೇಕ ಪೀಪಾಯಿಗಳ ಮೇಲೆ ಕಾಣುತ್ತವೆ. ಕೆಂಪು ಅಂಚಿನ ಚೌಕದಲ್ಲಿ ತಲೆಬುರುಡೆ ಮತ್ತು ಎಲುಬುಗಳಿದ್ದರೆ ತಕ್ಷಣದ ವಿಷ. ಅದೇ ಚೌಕದಲ್ಲಿ ಮನುಷ್ಯನ ಎದೆಯ ಮೇಲೆ ಬಿಳಿಯ ನಕ್ಷತ್ರ ಒಡೆದಂತಿದ್ದರೆ, ಕ್ಯಾನ್ಸರ್ ಮೊದಲಾದ ದೀರ್ಘಕಾಲದ ಹಾನಿಯ ಎಚ್ಚರಿಕೆ. ಈ ಎರಡನೆಯ ಚಿಹ್ನೆಯನ್ನು ಪ್ರತಿಯೊಬ್ಬ ಕಾರ್ಮಿಕನೂ ಗುರುತಿಸಲು ಕಲಿಯಬೇಕು.

ತಡೆಗಟ್ಟುವ ಕ್ರಮ

ರಕ್ಷಣೆಯ ಕ್ರಮಗಳಿಗೆ ಒಂದು ಅನುಕ್ರಮವಿದೆ. ಮೊದಲನೆಯದು, ಅಪಾಯದ ವಸ್ತುವನ್ನು ಬಿಟ್ಟು ನಿರಪಾಯದ ವಸ್ತುವನ್ನು ಬಳಸುವುದು. ಅದು ಆಗದಿದ್ದರೆ ಯಂತ್ರವನ್ನು ಮುಚ್ಚಿಡುವುದು. ಆವಿ ಅಥವಾ ದೂಳು ಏಳುವ ಜಾಗದಲ್ಲಿಯೇ ಅದನ್ನು ಹೀರಿ ತೆಗೆಯುವುದು. ಒಣಗಿದ್ದನ್ನು ಗುಡಿಸದೆ ಒದ್ದೆ ಮಾಡಿ ತೆಗೆಯುವುದು. ಗಾಳಿಯಲ್ಲಿ ವಸ್ತುವಿನ ಪ್ರಮಾಣವನ್ನು ಕಾಲಕಾಲಕ್ಕೆ ಅಳೆಯಬೇಕು. ಮುಖವಾಡ, ಕೈಗವಸುಗಳು ಕೊನೆಯ ಸಾಲಿನವು. ಮೂಗಿಗೆ ಕಟ್ಟಿದ ಕರವಸ್ತ್ರವು ಬೆಂಜೀನಿನ ಆವಿಯನ್ನಾಗಲಿ ಸಿಲಿಕಾದ ಸೂಕ್ಷ್ಮ ಕಣವನ್ನಾಗಲಿ ತಡೆಯುವುದಿಲ್ಲ. ಕಾರ್ಮಿಕನಿಗೆ ಮುಖವಾಡ ಕೊಟ್ಟ ಮಾತ್ರಕ್ಕೆ ತಮ್ಮ ಹೊಣೆ ತೀರಿತೆಂದು ಮಾಲೀಕರು ಭಾವಿಸಬಾರದು. ಕೆಲಸ ಮಾಡುವ ಜಾಗದಲ್ಲಿ ಊಟ ಮಾಡದಿರುವುದು, ಸ್ನಾನ ಮಾಡಿ ಬಟ್ಟೆ ಬದಲಿಸಿ ಮನೆಗೆ ಹೋಗುವುದು ಕಾರ್ಮಿಕರು ಪಾಲಿಸಬಹುದಾದ ನಿಯಮಗಳು. ಅದಕ್ಕೆ ಬೇಕಾದ ನೀರು, ಕೋಣೆಗಳನ್ನು ಒದಗಿಸುವುದು ಮಾಲೀಕರ ಕೆಲಸ.

ಈ ವಿಷಯದಲ್ಲಿ ಸಲಹೆಗಾಗಿ ಹಲವು ಸಂಸ್ಥೆಗಳಿವೆ. ಮುಂಬಯಿಯ ಸಾಯನ್‌ನಲ್ಲಿರುವ ಕೇಂದ್ರೀಯ ಕಾರ್ಮಿಕ ಸಂಸ್ಥೆ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮತ್ತು ಬೆಂಗಳೂರಿನಲ್ಲಿರುವ ಅದರ ಪ್ರಾದೇಶಿಕ ಕೇಂದ್ರ ಇವುಗಳಲ್ಲಿ ಮುಖ್ಯವಾದವು. ಕಾರ್ಖಾನೆಗಳ ತಪಾಸಣೆಯನ್ನು ಮಹಾರಾಷ್ಟ್ರದಲ್ಲಿ ಔದ್ಯೋಗಿಕ ಸುರಕ್ಷೆ ಮತ್ತು ಆರೋಗ್ಯ ನಿರ್ದೇಶನಾಲಯವೂ, ಕರ್ನಾಟಕದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯೂ ನೋಡಿಕೊಳ್ಳುತ್ತವೆ. ಚಿಕಿತ್ಸೆಗೆ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ, ಇಲ್ಲಿಗೆ ಸಮೀಪದ ಖಾರ್ಘರಿನಲ್ಲಿರುವ ಅದರ ಉನ್ನತ ಕೇಂದ್ರ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗಳಿವೆ.

ದುಡಿಮೆಯ ದಾಖಲೆ

ಇಂದಿನ ಉಪನ್ಯಾಸದಿಂದ ತಾವು ಒಂದೇ ಒಂದು ಕಾರ್ಯವನ್ನು ಕೈಗೊಳ್ಳುವುದಾದರೆ, ಅದು ಇದಾಗಲಿ ಎಂದು ಕೋರುತ್ತೇನೆ. ಪ್ರತಿಯೊಬ್ಬ ದುಡಿಮೆಗಾರನೂ ಒಂದು ನೋಟುಪುಸ್ತಕದಲ್ಲಿ ತನ್ನ ದುಡಿಮೆಯ ಚರಿತ್ರೆಯನ್ನು ಬರೆದಿಡಬೇಕು. ಅದರಲ್ಲಿ ಇರಬೇಕಾದವು ಇಷ್ಟು:

1. ದುಡಿದ ಪ್ರತಿಯೊಂದು ಸ್ಥಳದ ಹೆಸರು, ವಿಳಾಸ. ಸೇರಿದ ಮತ್ತು ಬಿಟ್ಟ ವರ್ಷ. ಗುತ್ತಿಗೆಯ ಮೇಲೆ ದುಡಿದಿದ್ದರೆ ಗುತ್ತಿಗೆದಾರನ ಹೆಸರಿನ ಜೊತೆಗೆ ಮೂಲ ಕಾರ್ಖಾನೆಯ ಹೆಸರು.

2. ಯಾವ ವಿಭಾಗ, ಯಾವ ಯಂತ್ರ, ದಿನಕ್ಕೆ ಎಷ್ಟು ತಾಸು.

3. ಕೈಯಾಡಿಸಿದ ವಸ್ತುಗಳ ಹೆಸರು, ಪೀಪಾಯಿ ಅಥವಾ ಚೀಲದ ಮೇಲೆ ಇದ್ದಂತೆಯೇ. ಓದಲು ಬಾರದಿದ್ದರೆ ಆ ಚೀಟಿಯ ಛಾಯಾಚಿತ್ರ.

4. ದೂಳು, ಹೊಗೆ, ವಾಸನೆ ಹೇಗಿತ್ತು, ಗಾಳಿ ಹೀರುವ ಯಂತ್ರವಿತ್ತೆ, ಮುಖವಾಡ ಕೊಟ್ಟಿದ್ದರೆ.

5. ವಿಮೆಯ ಸಂಖ್ಯೆ, ಆರೋಗ್ಯ ತಪಾಸಣೆಯ ವರದಿಗಳು, ನೇಮಕಾತಿ ಪತ್ರ, ಸಂಬಳದ ಚೀಟಿಗಳು.

6. ತಂಬಾಕಿನ ಅಭ್ಯಾಸವಿದ್ದರೆ ಅದನ್ನೂ ಮರೆಮಾಚದೆ.

ನಿವೃತ್ತರಾದ ಹಿರಿಯರು ನೆನಪಿರುವಷ್ಟನ್ನು ಈಗಲೇ ಬರೆಯಬಹುದು. ಜೊತೆಯಲ್ಲಿ ದುಡಿದ ಗೆಳೆಯರನ್ನು ಕೇಳಿ ಉಳಿದುದನ್ನು ತುಂಬಬಹುದು. ಅಕ್ಷರ ಬಾರದವರಿಗೆ ಮನೆಯ ಮಕ್ಕಳು ಬರೆದುಕೊಡಲಿ. ತಂದೆ ಮೂವತ್ತು ವರ್ಷ ಎಲ್ಲಿ ನಿಂತು, ಏನನ್ನು ಮುಟ್ಟಿ, ಯಾವ ಗಾಳಿಯನ್ನು ಉಸಿರಾಡಿ ಮನೆಯನ್ನು ಸಾಕಿದರೆಂಬುದು ಮಕ್ಕಳಿಗೂ ತಿಳಿಯುತ್ತದೆ. ಊರಿಗೆ ಮರಳುವಾಗ ಈ ಪುಸ್ತಕವನ್ನು ಕಟ್ಟಿಕೊಂಡು ಹೋಗಬೇಕು. ಬಹು ದಿನ ಬಿಡದ ಕೆಮ್ಮು, ಉಗುಳಿನಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಮಾಯದ ಹುಣ್ಣು, ಕಾರಣವಿಲ್ಲದೆ ಇಳಿಯುವ ತೂಕ ಇವು ಕಂಡರೆ ಪುಸ್ತಕವನ್ನು ವೈದ್ಯರ ಮುಂದಿಡಬೇಕು. ವೈದ್ಯ ಬಂಧುಗಳಲ್ಲಿಯೂ ನನ್ನ ವಿನಂತಿ ಇದೆ: ಕೇಸ್ ಪೇಪರಿನಲ್ಲಿ 'ನಿವೃತ್ತ' ಎಂದೋ 'ಕೂಲಿ' ಎಂದೋ ಬರೆದು ಮುಗಿಸಬೇಡಿ. ಏನಾಗಿ ನಿವೃತ್ತ, ಯಾವ ಕೂಲಿ ಎಂದು ಕೇಳಿ ಬರೆಯಿರಿ.

ಇಂಥ ಒಂದು ಪುಸ್ತಕದಿಂದ ರೋಗ ನಿಲ್ಲುವುದಿಲ್ಲ, ನಿಜ. ಆದರೆ ರೋಗ ಬಂದರೆ ವೈದ್ಯರಿಗೆ ಬೇಗ ದಾರಿ ಸಿಗುತ್ತದೆ, ಕುಟುಂಬಕ್ಕೆ ನ್ಯಾಯವಾದ ಪರಿಹಾರವನ್ನು ಕೇಳಲು ಆಧಾರ ಸಿಗುತ್ತದೆ. ಒಂದೇ ವಿಭಾಗದ ನಾಲ್ವರ ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಿದಾಗ ಅಲ್ಲಿನ ಅಪಾಯ ಬಯಲಿಗೆ ಬಂದು, ಈಗ ಅಲ್ಲಿ ದುಡಿಯುತ್ತಿರುವವರಿಗೆ ರಕ್ಷಣೆ ದೊರೆಯಬಹುದು. ನಮ್ಮ ಕನ್ನಡ ಸಂಘಗಳು ಸಮಾರಂಭಗಳ ನಡುವೆ ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಟ್ಟು, ನೆರೂಳು, ತುರ್ಭೆಗಳ ಕಾರ್ಮಿಕರನ್ನು ಕೂರಿಸಿಕೊಂಡು ಈ ಪುಸ್ತಕಗಳನ್ನು ಬರೆದುಕೊಟ್ಟರೆ ಅದು ನಾಡಸೇವೆಯೇ ಆದೀತು.